ಕುಡುಕ ತಂದೆಯ ನಾಟಕ, ತಾಲೀಮಿನಲ್ಲಿ ಕಲ್ಲಾದ ಹುಡುಗಿ

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕ. ನಮ್ಮೂರ ಹವ್ಯಾಸಿ ತಂಡಕ್ಕಾಗಿ ಕುಡಿತ ಮತ್ತು ಮನೆಯೊಳಗಿನ ಹೊಡೆತ ಕುರಿತು ಒಂದೂವರೆ ಗಂಟೆಯ ನಾಟಕ ಬರೆದಿದ್ದೇನೆ. ರೈಸ್ ಮಿಲ್ಲಿನ ಹಮಾಲನೊಬ್ಬ ದಿನವೂ ಕುಡಿದು ಬಂದು ಹೆಂಡತಿಯನ್ನು ಹೊಡೆಯುತ್ತಾನೆ, ಮಗಳು ಅಡ್ಡ ಬಂದು ಏಟು ತಿನ್ನುತ್ತಾಳೆ, ಕೊನೆಗೆ ಅವಳ ಕಣ್ಣೀರಿಗೆ ಕರಗಿ ಅವನು ದೇವಿಯ ಮುಂದೆ ಆಣೆ ಮಾಡಿ ಕುಡಿತ ಬಿಡುತ್ತಾನೆ. ಊರ ಜಾತ್ರೆಯಲ್ಲಿ ಪ್ರದರ್ಶನ. ಇನ್ನು ಐದು ವಾರ ಉಳಿದಿದೆ. ಮಗಳ ಪಾತ್ರ ಮಾಡುತ್ತಿರುವವಳು ನಮ್ಮ ಶಾಲೆಯ ಒಂಬತ್ತನೇ ತರಗತಿಯ ವಿದ್ಯಾರ್ಥಿನಿ. ಕಳೆದ ವಾರ ತಾಲೀಮಿನಲ್ಲಿ ತಂದೆಯ ಪಾತ್ರಧಾರಿ ಊಟದ ತಾಟನ್ನು ಒದ್ದಾಗ ಅವಳು ನಿಂತಲ್ಲೇ ಕಲ್ಲಾದಳು. ಮಾತು ಹೊರಡಲಿಲ್ಲ, ಕೈ ತಣ್ಣಗಾಗಿತ್ತು. ನೀರು ಕುಡಿಸಿದ ಮೇಲೆ, “ನಮ್ಮ ಮನ್ಯಾಗೂ ಹಿಂಗ ಆಗ್ತೈತ್ರಿ ಸರ್, ಯಾರ ಮುಂದೂ ಹೇಳಬ್ಯಾಡ್ರಿ” ಎಂದಳು. ಆದರೂ ಪಾತ್ರ ಬಿಡುವುದಿಲ್ಲ ಎನ್ನುತ್ತಾಳೆ. ತಂಡದ ಹಿರಿಯರು, “ಅನುಭವ ಇದ್ದಾಕಿ, ಸಹಜ ಮಾಡ್ತಾಳ, ಅವರಪ್ಪನೂ ಬಂದು ನೋಡಲಿ, ನೋಡಿಯಾದರೂ ಬಿಡಲಿ” ಎನ್ನುತ್ತಾರೆ. ಊರಿನ ಕೆಲವರು ಮನೆಯ ಮಾತನ್ನು ಬೀದಿಗೆ ತರಬೇಡಿ ಎನ್ನುತ್ತಾರೆ. ಸಹೋದ್ಯೋಗಿಯೊಬ್ಬರು, ಊಟದಲ್ಲಿ ಬೆರೆಸಿಕೊಟ್ಟರೆ ಕುಡಿತ ಬಿಡಿಸುವ ಪುಡಿಯನ್ನು ಆಕೆಯ ತಾಯಿಗೆ ತಲುಪಿಸೋಣ ಎನ್ನುತ್ತಾರೆ. ನಾನು ನಾಟಕ ನಿಲ್ಲಿಸಬೇಕೆ? ಹುಡುಗಿಯನ್ನು ತೆಗೆಯಬೇಕೆ? ಅವಳ ತಂದೆಯೊಡನೆ ಮಾತಾಡಬೇಕೆ?

ಉತ್ತರ: ಮಾಸ್ತರರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ನಾಟಕದ ಬಗ್ಗೆ ಕೇಳಿದ್ದೀರಿ. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಆ ಹುಡುಗಿ ಎಂಬುದು ಪ್ರತಿ ಸಾಲಿನಲ್ಲೂ ಕಾಣುತ್ತದೆ. ಅವಳಿಗೆ ಒಳ್ಳೆಯದಾಗಲಿ ಎಂದು ಹೊರಟ ಕೆಲಸದಿಂದಲೇ ಅವಳಿಗೆ ಕೇಡಾದೀತೇ ಎಂಬ ನಿಮ್ಮ ಅಂಜಿಕೆ ಸರಿಯಾದದ್ದು. ಬಳ್ಳಾರಿ ಸೀಮೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಕುಡಿತದ ರೋಗಿಗಳನ್ನೂ ಅವರ ಮನೆಯವರನ್ನೂ ನೋಡುತ್ತ ಬಂದವನು ನಾನು. ಓದುವ ದಿನಗಳಲ್ಲಿ ಒಂದಷ್ಟು ಕಾಲ ಬಣ್ಣವನ್ನೂ ಹಚ್ಚಿದ್ದೇನೆ. ಹಾಗಾಗಿ ಎರಡೂ ಕಡೆಯಿಂದ ಹೇಳುತ್ತೇನೆ. ನಾಟಕ ನಿಲ್ಲಿಸಬೇಡಿ. ಆದರೆ ಈಗಿರುವ ರೂಪದಲ್ಲಿ, ಈಗಿರುವ ಪಾತ್ರ ಹಂಚಿಕೆಯಲ್ಲಿ ಅದನ್ನು ಆಡಬೇಡಿ.

ಮೊದಲು ತಾಲೀಮಿನಲ್ಲಿ ನಡೆದದ್ದೇನು ಎಂದು ನೋಡೋಣ. ಪದೇ ಪದೇ ಹೊಡೆತ ಕಂಡು ಬೆಳೆದ ಮಗುವಿನ ಮೈ ಅಪಾಯದ ಮುನ್ಸೂಚನೆಗಳನ್ನು ಮನಸ್ಸಿಗಿಂತ ಮೊದಲೇ ಗುರುತಿಸುತ್ತದೆ. ಬಾಗಿಲ ಚಿಲಕದ ಸದ್ದು, ಚಪ್ಪಲಿ ಎಳೆದು ನಡೆಯುವ ರೀತಿ, ತಾಟು ನೆಲಕ್ಕೆ ಬಿದ್ದ ಸಪ್ಪಳ, ಇವು ನಮಗೆ ಬರೀ ಸದ್ದುಗಳು. ಅವಳಿಗೆ ಮುಂದಿನ ಗಳಿಗೆಯಲ್ಲಿ ಏನಾಗಲಿದೆ ಎಂಬುದರ ಸೂಚನೆಗಳು. ಆ ಸದ್ದು ಕಿವಿಗೆ ಬಿದ್ದೊಡನೆ ಮಿದುಳಿನಲ್ಲಿ ಭಯವನ್ನು ಕಾಯುವ ಭಾಗ ಎಚ್ಚರಗೊಂಡು, ಓಡಲೂ ಆಗದ, ಎದುರಿಸಲೂ ಆಗದ ಸ್ಥಿತಿಯಲ್ಲಿ ಮೈಯನ್ನು ಮರಗಟ್ಟಿಸುತ್ತದೆ. ಎದುರಿಗಿರುವವನು ಅಪ್ಪನಲ್ಲ, ಪಕ್ಕದ ಓಣಿಯ ಅಂಗಡಿಯವನು ಎಂಬುದು ಅವಳಿಗೆ ಗೊತ್ತಿದೆ, ಆದರೆ ಆ ಗಳಿಗೆಯಲ್ಲಿ ಅವಳ ಕೈಕಾಲಿಗೆ ಗೊತ್ತಿಲ್ಲ. ಇದು ಅಂಜುಬುರುಕತನವಲ್ಲ, ಹಟವಲ್ಲ, ನಟನೆ ಬಾರದ್ದರ ಗುರುತೂ ಅಲ್ಲ. ಮನೆಯಲ್ಲಿ ಸದ್ದಿಲ್ಲದೆ ನಿಂತದ್ದರಿಂದಲೇ ಎಷ್ಟೋ ಸಲ ಅವಳು ಏಟಿನಿಂದ ಪಾರಾಗಿರಬಹುದು. ಮೈ ಅದೇ ಪಾಠವನ್ನು ನಿಮ್ಮ ತಾಲೀಮಿನಲ್ಲೂ ಒಪ್ಪಿಸಿತು.

ನಿಮ್ಮ ಹಿರಿಯರು ಹೇಳುವ “ಅನುಭವ ಇದ್ದಾಕಿ, ಸಹಜ ಮಾಡ್ತಾಳ” ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಭಿನಯ ಎಂದರೆ ನೋವನ್ನು ಒಂದು ಅಳತೆಯ ದೂರದಲ್ಲಿ ಹಿಡಿದುಕೊಂಡು, ಬೇಕಾದಾಗ ಹತ್ತಿರ ತಂದು, ಬೇಡವಾದಾಗ ಕೆಳಗಿಡಬಲ್ಲ ಹಿಡಿತ. ಅವಳಿಗೆ ಆ ದೂರವಿಲ್ಲ, ಏಕೆಂದರೆ ತಾಲೀಮು ಮುಗಿಸಿ ಅವಳು ಹೋಗುವುದು ಅದೇ ಮನೆಗೆ. ಎಂದೋ ಮುಗಿದುಹೋದ ಕಷ್ಟವನ್ನು ರಂಗದ ಮೇಲೆ ತಂದು ಹಗುರಾದವರನ್ನು ನಾನು ಬಲ್ಲೆ. ನಿನ್ನೆ ರಾತ್ರಿ ನಡೆದದ್ದನ್ನೇ ಇಂದು ಸಂಜೆ ಆಡಿ ತೋರಿಸು ಎಂದರೆ ಅದು ಹಗುರಾಗುವ ದಾರಿಯಲ್ಲ, ಗಾಯವನ್ನು ದಿನಕ್ಕೊಮ್ಮೆ ಕೆರೆಯುವುದು. ತಾಲೀಮಿದ್ದ ರಾತ್ರಿ ನಿದ್ದೆ ಬಾರದಿರುವುದು, ತರಗತಿಯಲ್ಲಿ ಎಲ್ಲೋ ನೋಡುತ್ತ ಕೂರುವುದು, ಕಾರಣವಿಲ್ಲದ ಹೊಟ್ಟೆನೋವು, ಸಣ್ಣ ಸದ್ದಿಗೂ ಬೆಚ್ಚುವುದು ಇವನ್ನು ಗಮನಿಸಿ. ಎರಡು ವಾರಕ್ಕೂ ಮೀರಿ ಇವು ಉಳಿದರೆ ಮನೋವೈದ್ಯರಿಗೆ ತೋರಿಸಬೇಕು.

ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಪ್ರದರ್ಶನದ ದಿನ ಅವಳ ತಂದೆ ಜನರ ನಡುವೆ ಕೂತಿರುತ್ತಾನೆ. ಊರಿಗೆಲ್ಲ ಅವನ ಮನೆಯ ಸಂಗತಿ ಗೊತ್ತು. ಮಗಳು ರಂಗದ ಮೇಲೆ “ಹೊಡೀಬ್ಯಾಡಪ್ಪಾ” ಎಂದು ಕೂಗಿದಾಗ ಹತ್ತು ಜನ ತಿರುಗಿ ಅವನ ಮುಖ ನೋಡುತ್ತಾರೆ. ಅವಮಾನದಿಂದ ಮನುಷ್ಯ ತಿದ್ದಿಕೊಳ್ಳುತ್ತಾನೆ ಎಂಬುದು ನಮ್ಮಲ್ಲಿ ಬಹಳ ಜನರ ನಂಬಿಕೆ. ನಾನು ಕಂಡಿರುವುದು ಬೇರೆ. ಕುಡಿತಕ್ಕೆ ಸಿಕ್ಕಿದವನು ಅವಮಾನವನ್ನು ನುಂಗಲು ಮತ್ತೆ ಕುಡಿಯುತ್ತಾನೆ, ಉಳಿದ ಸಿಟ್ಟನ್ನು ತಿರುಗಿ ಬೀಳಲಾರದವರ ಮೇಲೆ ತೀರಿಸುತ್ತಾನೆ. ಚಪ್ಪಾಳೆ ಮುಗಿದು, ದೀಪ ಆರಿ, ನೀವೆಲ್ಲ ನಿಮ್ಮ ನಿಮ್ಮ ಮನೆ ಸೇರಿದ ಮೇಲಿನ ಆ ಎರಡು ಗಂಟೆಗಳು ತಾಯಿ ಮಗಳಿಬ್ಬರಿಗೂ ಅತಿ ಅಪಾಯದ ಹೊತ್ತು.

ಹಾಗಾದರೆ ಪಾತ್ರ ಕಿತ್ತುಕೊಳ್ಳಬೇಕೇ? ಅದೂ ತಪ್ಪಾಗುತ್ತದೆ. ಅವಳು ಬದುಕಿನಲ್ಲಿ ಮೊದಲ ಸಲ ಬಾಯಿ ಬಿಟ್ಟು ಹೇಳಿದ್ದಾಳೆ. ಮರುವಾರ ಪಾತ್ರ ಹೋದರೆ, ಹೇಳಿದ್ದಕ್ಕೇ ಶಿಕ್ಷೆ ಸಿಕ್ಕಿತು ಎಂದು ತಿಳಿಯುತ್ತಾಳೆ, ಇನ್ನು ಯಾರ ಮುಂದೆಯೂ ಹೇಳುವುದಿಲ್ಲ. ಪ್ರದರ್ಶನವನ್ನೇ ಮುಂದೂಡಿದರೆ ಕಾರಣವನ್ನು ಊರು ಹುಡುಕುತ್ತದೆ, ಅದು ಅವಳ ಬಾಗಿಲಿಗೇ ಬಂದು ನಿಲ್ಲುತ್ತದೆ. ನಾನು ಸೂಚಿಸುವ ದಾರಿ ಇದು: ಅವಳು ತಂಡದಲ್ಲಿ ಇರಲಿ, ಆದರೆ ಈ ಊರಿನ ಈ ಪ್ರದರ್ಶನದಲ್ಲಿ ಮಗಳ ಪಾತ್ರ ಬೇಡ. ಮೇಳದ ಹಾಡು, ಸೂತ್ರಧಾರಳ ಮಾತು, ಅಥವಾ ನೆರೆಮನೆಯ ಗಟ್ಟಿ ಹೆಂಗಸಿನ ಪಾತ್ರ ಕೊಡಿ. ಆ ಪಾತ್ರ ಈಗ ಇಲ್ಲದಿದ್ದರೆ ಬರೆಯಿರಿ. ಅದನ್ನು ಏಕೆ ಬರೆಯಬೇಕು ಎಂಬುದನ್ನು ಮುಂದೆ ಹೇಳುತ್ತೇನೆ. ಬದಲಾವಣೆ ಅವಳೊಬ್ಬಳಿಗೆ ಮಾತ್ರ ಆಗದಂತೆ ಇನ್ನೂ ಎರಡು ಮೂರು ಪಾತ್ರಗಳನ್ನು ಅದಲುಬದಲು ಮಾಡಿ, ಆಗ ಯಾರ ಕಣ್ಣಿಗೂ ಬೀಳುವುದಿಲ್ಲ. ಅವಳ ಆಸೆಗೆ ಬೆಲೆ ಕೊಡಬೇಕು ನಿಜ. ಆದರೆ ಹದಿನಾಲ್ಕು ಹದಿನೈದರ ಮಗುವಿನ “ಮಾಡ್ತೀನ್ರಿ” ಎಂಬ ಮಾತಿನ ಹಿಂದೆ ಹೊಣೆ ಹೊರುವ ದೊಡ್ಡವರು ಬೇಕು. ನಾಟಕ ದೂರದ ಊರಿನಲ್ಲಿ, ಅವಳನ್ನು ಯಾರೂ ಅರಿಯದ ಕಡೆ ನಡೆಯುವುದಾಗಿದ್ದರೆ, ಅವಳ ಮನೆಯ ಸ್ಥಿತಿ ಸುಧಾರಿಸಿದ್ದರೆ, ನನ್ನ ಉತ್ತರ ಬೇರೆಯಾಗಬಹುದಿತ್ತು.

ಇನ್ನು ನಿಮ್ಮ ನಾಟಕದ ಕಥೆ. ಒಬ್ಬ ಓದುಗನಾಗಿ ಅಲ್ಲ, ಈ ಮನೆಗಳನ್ನು ಒಳಗಿನಿಂದ ಬಲ್ಲ ವೈದ್ಯನಾಗಿ ಹೇಳುತ್ತೇನೆ, ಬೇಸರಿಸಬೇಡಿ. ನಿಮ್ಮ ಕಥೆಯಲ್ಲಿ ಹೊಡೆತಕ್ಕೆ ಕುಡಿತವೇ ಕಾರಣ, ಕುಡಿತ ಹೋದರೆ ಹೊಡೆತವೂ ಹೋಗುತ್ತದೆ. ಊರೆಲ್ಲ ನಂಬುವುದೂ ಇದನ್ನೇ. ಹೊಡೆಸಿಕೊಂಡ ಹೆಂಡತಿಯೂ, “ಕುಡೀದಿದ್ರ ದೇವರಂಥವ್ರು ರೀ” ಎಂದೇ ನನ್ನ ಮುಂದೆ ಕೂತು ಹೇಳುತ್ತಾಳೆ. ನಾನು ಆಗ ಒಂದೇ ಪ್ರಶ್ನೆ ಕೇಳುತ್ತೇನೆ: ಕುಡಿದಾಗ ಮಿಲ್ಲಿನ ಮಾಲೀಕರ ಮೇಲೆ ಎಂದಾದರೂ ಕೈ ಎತ್ತಿದ್ದಾನೆಯೇ? ಸಾಹುಕಾರನ ತಾಟು ಒದ್ದಿದ್ದಾನೆಯೇ? ಹೆಚ್ಚಿನ ಮನೆಗಳಲ್ಲಿ ಉತ್ತರ ಇಲ್ಲ ಎಂದೇ ಬರುತ್ತದೆ. ದಾರಿಯುದ್ದಕ್ಕೂ ತೂರಾಡುತ್ತ ಬಂದವನಿಗೆ ಯಾರನ್ನು ಹೊಡೆಯಬಹುದು, ಯಾರನ್ನು ಹೊಡೆಯಬಾರದು ಎಂಬ ಲೆಕ್ಕ ತಪ್ಪಿರುವುದಿಲ್ಲ. ಮದ್ಯವು ತಡೆಯನ್ನು ಸಡಿಲಿಸುತ್ತದೆ, ಸಂಶಯವನ್ನು ಬೆಳೆಸುತ್ತದೆ, ಏಟಿನ ಬಲವನ್ನು ಹೆಚ್ಚಿಸುತ್ತದೆ. ಆದರೆ ಹೆಂಡತಿಯನ್ನು ಹೊಡೆಯುವುದು ತನ್ನ ಹಕ್ಕು ಎಂಬ ತಿಳಿವಳಿಕೆ ಬಾಟಲಿಯೊಳಗಿಂದ ಬಂದದ್ದಲ್ಲ. ಅದು ಅವನು ಬೆಳೆದ ಮನೆಯಿಂದ, ಓಣಿಯಿಂದ ಬಂದದ್ದು. ಚಿಕಿತ್ಸೆಯಿಂದ ಕುಡಿತ ನಿಂತಾಗ ಎಷ್ಟೋ ಮನೆಗಳಲ್ಲಿ ಹೊಡೆತ ಕಡಿಮೆಯಾಗುವುದನ್ನು ಕಂಡಿದ್ದೇನೆ. ಕುಡಿತ ಪೂರ್ತಿ ನಿಂತ ಮೇಲೂ ಕೈ ನಿಲ್ಲದ ಮನೆಗಳನ್ನೂ ಕಂಡಿದ್ದೇನೆ. ಅಲ್ಲಿ ಹೆಂಡತಿಗೆ ದೂರಲು ಕುಡಿತವೂ ಉಳಿದಿರುವುದಿಲ್ಲ.

ಹಾಗೆಂದು ಕುಡಿತವನ್ನು ಬರೀ ಕೆಟ್ಟ ಚಾಳಿ ಎಂದು ತೋರಿಸುವುದೂ ಸರಿಯಲ್ಲ. ಚಟಕ್ಕೆ ಬಿದ್ದ ಮೇಲೆ ಅದು ಮಿದುಳಿನ ಕಾಯಿಲೆ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10ರಿಂದ 75 ವರ್ಷದವರ ಪೈಕಿ ಶೇ 14.6ರಷ್ಟು ಮಂದಿ ಮದ್ಯ ಸೇವಿಸುತ್ತಾರೆ, ಅವರಲ್ಲಿ ಸುಮಾರು 5.7 ಕೋಟಿ ಜನರಿಗೆ ಚಿಕಿತ್ಸೆಯ ನೆರವು ಬೇಕಾಗಿದೆ. ನಮ್ಮ ಭಾಗದಲ್ಲಿ ಮೂಟೆ ಹೊರುವವರು, ಗುಳೆ ಹೋಗಿ ಬಂದವರು ಮೈನೋವಿಗೆಂದು ಶುರುಮಾಡುತ್ತಾರೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದರ ಜಾಗಕ್ಕೆ ಅಗ್ಗದ ಟೆಟ್ರಾ ಪ್ಯಾಕೆಟ್ಟುಗಳು ಬಂದವು. ಕಾರಣವನ್ನು ತೋರಿಸಿ, ಆದರೆ ಕಾರಣ ಬೇರೆ, ಮಾಫಿ ಬೇರೆ. ಒಬ್ಬನೇ ಮನುಷ್ಯ ಕಾಯಿಲೆಗೆ ಚಿಕಿತ್ಸೆ ಪಡೆಯಲೂ ಅರ್ಹ, ಹೊಡೆತಕ್ಕೆ ಹೊಣೆಗಾರನೂ ಹೌದು.

ರಂಗದ ಒಂದು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ಕಂಪನಿ ನಾಟಕಗಳಲ್ಲಿ ಕುಡುಕನೆಂದರೆ ಹಾಸ್ಯದ ಪಾತ್ರ. ತೂರಾಡಿದರೆ ಸಾಕು, ಸಿಳ್ಳೆ ಬೀಳುತ್ತದೆ. ನಿಮ್ಮ ಪಾತ್ರಧಾರಿಯೂ ಎರಡನೇ ದೃಶ್ಯದಲ್ಲಿ ಆ ಅಭ್ಯಾಸಕ್ಕೆ ಜಾರಿದರೆ, ನಾಲ್ಕನೇ ದೃಶ್ಯದ ಏಟಿಗೂ ಅದೇ ಸಿಳ್ಳೆ ಬೀಳುತ್ತದೆ, ಜನರದ್ದು ತಪ್ಪಲ್ಲ. ಅವನು ತೂರಾಡದೆ ಇರಲಿ. ನಿಜವಾಗಿ ಅಂಜಿಸುವ ಕುಡುಕ ಸದ್ದಿಲ್ಲದೆ ಬಂದು, ಅಂಗಿಯ ಗುಂಡಿ ಬಿಚ್ಚಿ, ತಾಟಿನ ಮುಂದೆ ಕೂತು, “ಉಪ್ಪು ಯಾಕ ಕಮ್ಮಿ ಐತಿ?” ಎಂದು ಮೆಲ್ಲಗೆ ಕೇಳುವವನು.

ಈಗ ಆಣೆಯ ದೃಶ್ಯ. ನಿಮ್ಮ ನಾಟಕದಲ್ಲಿ ಅತ್ಯಂತ ಹೆಚ್ಚು ಚಪ್ಪಾಳೆ ಬೀಳುವುದು ಅಲ್ಲಿಯೇ ಇರಬೇಕು, ಮತ್ತು ನಾನು ತೆಗೆಯಿರಿ ಎಂದು ಕೇಳುವುದೂ ಅದನ್ನೇ. ವೈದ್ಯಕೀಯವಾಗಿ ಅದು ಅಪಾಯಕಾರಿ. ವರ್ಷಗಟ್ಟಲೆ ದಿನವೂ ಕುಡಿಯುವವನು, ಬೆಳಿಗ್ಗೆ ಎದ್ದಾಗ ಕೈ ನಡುಗುವವನು, ಒಮ್ಮೆಲೇ ಬಿಟ್ಟರೆ ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಸನ್ನಿ ಹಿಡಿಯಬಹುದು. ಸನ್ನಿಯೆಂದರೆ ಗೋಡೆಯ ಮೇಲೆ ಹುಳ ಹರಿದಂತೆ ಕಾಣುವುದು, ಮನೆಯವರ ಗುರುತು ಸಿಗದಿರುವುದು, ಮೈ ಬೆವರಿ ಜ್ವರ ಏರುವುದು. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಶ್ರಾವಣ ಹಿಡಿದಾಗ, ಅಯ್ಯಪ್ಪನ ಮಾಲೆ ಹಾಕಿಕೊಂಡಾಗ, ಭಕ್ತಿಯಿಂದ ಒಮ್ಮೆಲೇ ಕುಡಿತ ಬಿಟ್ಟು ಎರಡನೇ ದಿನ ಫಿಟ್ಸ್ ಬಂದು ದಾಖಲಾದವರನ್ನು ನಾನು ನೋಡಿದ್ದೇನೆ. ಒಬ್ಬ ಕಪ್ಪು ಪಂಚೆಯಲ್ಲೇ ಬಂದಿದ್ದ. ನಾಲಗೆ ಕಚ್ಚಿಕೊಂಡು ಬಾಯೆಲ್ಲ ರಕ್ತವಾಗಿತ್ತು, ಮನೆಯವರು ಸ್ವಾಮಿ ಮುನಿದಿದ್ದಾನೆ ಎಂದು ಅರ್ಧ ದಿನ ಪೂಜೆಯಲ್ಲಿ ಕಳೆದಿದ್ದರು. ಸ್ವಾಮಿ ಮುನಿದಿರಲಿಲ್ಲ, ಮದ್ಯ ಸಿಗದ ಮಿದುಳು ಕೆರಳಿತ್ತು. ರಾಯಚೂರು ಜಿಲ್ಲೆಯ ಗಡಿ ಭಾಗದಲ್ಲಿ ಕಾಣುವ ಸಿ.ಎಚ್. ಪುಡಿ ಬೆರೆಸಿದ ಕಲಬೆರಕೆ ಸೇಂದಿಯೂ ಹೀಗೆಯೇ. ಆ ಪುಡಿ ಕ್ಲೋರಲ್ ಹೈಡ್ರೇಟ್ ಎಂಬ ಮತ್ತಿನ ರಾಸಾಯನಿಕ, ಅದನ್ನು ದಿನವೂ ಕುಡಿದವರು ಒಮ್ಮೆಲೇ ಬಿಟ್ಟರೂ ಫಿಟ್ಸ್, ಭ್ರಮೆ ಬರುತ್ತವೆ. ಬಿಡುವ ಸಂಕಲ್ಪಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಸಂಕಲ್ಪ ಮಾಡಿದವನು ಮೊದಲ ವಾರವನ್ನು ವೈದ್ಯರ ಕಣ್ಣಳತೆಯಲ್ಲಿ ಕಳೆಯಬೇಕು. ನಡುಕ ಮತ್ತು ಫಿಟ್ಸ್ ತಡೆಯುವ ಮಾತ್ರೆಗಳನ್ನು ದಿನದಿಂದ ದಿನಕ್ಕೆ ಇಳಿಸುತ್ತ ಕೊಡುತ್ತೇವೆ, ಜೊತೆಗೆ ಥಯಾಮಿನ್ ಎಂಬ ಜೀವಸತ್ವ ಕೊಡುತ್ತೇವೆ. ಆ ಮೇಲೆ ತಿಂಗಳುಗಳ ಕಾಲ ಆಪ್ತ ಸಮಾಲೋಚನೆ. ನಡುವೆ ಮತ್ತೆ ಕುಡಿಯುವುದು ಸಾಮಾನ್ಯ. ಅದು ಕಾಯಿಲೆಯ ಸ್ವಭಾವ, ಚಿಕಿತ್ಸೆ ಸೋತದ್ದಲ್ಲ.

ನಿಮ್ಮ ಸಹೋದ್ಯೋಗಿ ಹೇಳುವ ಪುಡಿಯ ಬಗ್ಗೆ ಒಂದೇ ಮಾತು: ದಯವಿಟ್ಟು ಬೇಡ. ಗುಟ್ಟಾಗಿ ಊಟದಲ್ಲಿ ಬೆರೆಸುವ ಇಂಥ ಪುಡಿಗಳಲ್ಲಿ ಏನಿರುತ್ತದೆ ಎಂದು ಕೊಡುವವರಿಗೂ ತಿಳಿಯದು. ಡೈಸಲ್ಫಿರಾಂ ಎಂಬ ಮಾತ್ರೆಯನ್ನು ಪುಡಿಮಾಡಿ ಹೀಗೆ ಕೊಡುವುದುಂಟು. ಅದನ್ನು ನುಂಗಿದವನು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ಹೃದಯ ದುರ್ಬಲವಾಗಿದ್ದರೆ ಸಾವೂ ಬರಬಹುದು. ಅವನಿಗೆ ತಿಳಿಸಿ, ಒಪ್ಪಿಸಿ, ಪರೀಕ್ಷೆ ಮಾಡಿಸಿ ಕೊಡಬೇಕಾದ ಔಷಧ ಅದು. ಇನ್ನೊಂದು ಯೋಚನೆಯೂ ಇರಲಿ: ಹೆಂಡತಿ ಊಟದಲ್ಲಿ ಏನೋ ಬೆರೆಸುತ್ತಿದ್ದಾಳೆ ಎಂದು ಸಂಶಯದ ಗಂಡಸಿಗೆ ಒಂದು ದಿನ ಗೊತ್ತಾದರೆ ಅವಳ ಗತಿಯೇನು?

ಆಣೆಯ ದೃಶ್ಯಕ್ಕೆ ನನ್ನ ಎರಡನೇ ಆಕ್ಷೇಪಣೆ ಇನ್ನೂ ಗಂಭೀರವಾದದ್ದು. ಮಗಳ ಕಣ್ಣೀರಿಗೆ ಅಪ್ಪ ಕರಗುತ್ತಾನೆ ಎಂದು ತೋರಿಸಿದರೆ, ಕರಗದ ಅಪ್ಪಂದಿರ ಮಕ್ಕಳು ತಮ್ಮ ಕಣ್ಣೀರೇ ಸಾಲಲಿಲ್ಲ ಎಂದುಕೊಳ್ಳುತ್ತಾರೆ. ಚಟದ ಮನೆಗಳಲ್ಲಿ ಬೆಳೆದ ಮಕ್ಕಳಲ್ಲಿ ನಾನು ಕಾಣುವ ಬಹುದೊಡ್ಡ ಭಾರ ಇದೇ: ನಾನು ಚೆನ್ನಾಗಿ ಓದಿದ್ದರೆ, ನಾನು ಸದ್ದು ಮಾಡದಿದ್ದರೆ ಅಪ್ಪ ಕುಡಿಯುತ್ತಿರಲಿಲ್ಲ ಎಂಬುದು. ಹೆಂಡತಿಯರ ವಿಷಯದಲ್ಲಿ ನಮ್ಮ ರಂಗಭೂಮಿಯ ಹಳೆಯ ಸಾಲವೂ ಇದೆ. ಕುಡಿತದ ವಿಷಯಕ್ಕೆ ಮರಾಠಿಯಲ್ಲಿ ಹೆಸರಾದ ನಾಟಕ ರಾಮ ಗಣೇಶ ಗಡಕರಿಯವರ ‘ಏಕಚ ಪ್ಯಾಲಾ’. ಅವರು ತೀರಿಕೊಂಡ 1919ರಲ್ಲೇ ಅದು ರಂಗಕ್ಕೆ ಬಂತು, ಹೆಣ್ಣಿನ ಪಾತ್ರಗಳಿಗೆ ಹೆಸರಾದ ನಟ ಬಾಲಗಂಧರ್ವರು ಅದರಲ್ಲಿ ಕುಡುಕನ ಹೆಂಡತಿ ಸಿಂಧುವಿನ ಪಾತ್ರ ಮಾಡಿದರು. ಕುಡಿತ ಒಂದು ಮನೆಯನ್ನು ಹೇಗೆ ನುಂಗುತ್ತದೆ ಎಂಬುದನ್ನು ಅದು ತೋರಿಸಿದ ರೀತಿಗೆ ನನಗೆ ಗೌರವವಿದೆ. ಆದರೆ ಸಿಂಧುವಿನ ಸಹನೆಗೆ ಅತ್ತ ಪ್ರೇಕ್ಷಕರು, ಸಹಿಸುವುದೇ ಸತಿಯ ಹಿರಿಮೆ ಎಂಬ ಪಾಠವನ್ನೂ ಮನೆಗೆ ಒಯ್ದರು. ನೂರು ವರ್ಷಗಳ ಮೇಲೆ ಬರೆಯುತ್ತಿರುವ ನೀವು ಅದೇ ಪಾಠವನ್ನು ಮತ್ತೆ ಕೊಡಬೇಕಾಗಿಲ್ಲ.

ಮನೆಯ ಮಾತು ಬೀದಿಗೆ ಬೇಡ ಎನ್ನುವವರಿಗೆ ಹೆಚ್ಚು ಉತ್ತರ ಬೇಕಿಲ್ಲ. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ ವಿವಾಹಿತ ಹೆಣ್ಣುಮಕ್ಕಳ ಪೈಕಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಮದ್ಯ ನಿಷೇಧಿಸಿ ಎಂದು 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಹೋದವರಲ್ಲಿ ನಿಮ್ಮದೇ ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳಿದ್ದರು. ಮಾತನ್ನು ಅವರೇ ಬೀದಿಗೆ ತಂದು ವರ್ಷಗಳಾದವು.

ಆಣೆ ತೆಗೆದರೆ ನಾಟಕ ಹೇಗೆ ಮುಗಿಯಬೇಕು ಎಂದು ನೀವು ಕೇಳಬಹುದು. ವರ್ಷಗಳ ಹಿಂದೆ ಚಿಕಿತ್ಸೆಗೆ ಬಂದ ಒಬ್ಬ ಹೆಣ್ಣುಮಗಳು ಹೇಳಿದ್ದು ನೆನಪಾಗುತ್ತದೆ. ಅವಳ ಮನೆಯಲ್ಲಿ ಗಲಾಟೆ ಶುರುವಾದಾಗಲೆಲ್ಲ ಪಕ್ಕದ ಮನೆಯ ಮುದುಕಿ ಒಂದು ಸಣ್ಣ ಬಟ್ಟಲು ಹಿಡಿದು ಬಂದು ಬಾಗಿಲು ತಟ್ಟುತ್ತಿದ್ದಳಂತೆ: “ಹೆಪ್ಪು ಐತೇನವಾ?” ರಾತ್ರಿ ಹನ್ನೊಂದಕ್ಕೆ ಹೆಪ್ಪು. ಬಾಗಿಲು ತೆರೆಯುವವರೆಗೂ ಹೋಗುತ್ತಿರಲಿಲ್ಲ. ಬೈಯುತ್ತಿರಲಿಲ್ಲ, ಬುದ್ಧಿ ಹೇಳುತ್ತಿರಲಿಲ್ಲ, ಹೊಡೆಯುವ ಕೈ ಎತ್ತಿದಲ್ಲೇ ನಿಲ್ಲುವಂತೆ ಬಟ್ಟಲು ಹಿಡಿದು ಹೊಸ್ತಿಲ ಬಳಿ ನಿಂತಿರುತ್ತಿದ್ದಳು. “ಆ ಮುದುಕಿ ಹೆಪ್ಪಿನಿಂದ ನಾನು ಉಳದೀನ್ರಿ” ಎಂದಳು ಆ ಹೆಣ್ಣುಮಗಳು. ಆ ಮುದುಕಿಯನ್ನು ನಿಮ್ಮ ನಾಟಕಕ್ಕೆ ತನ್ನಿ. ಅಪ್ಪ ಕರಗದಿರಲಿ, ಓಣಿ ಎದ್ದು ಬರಲಿ. ಮೊದಲು ಒಬ್ಬಳು, ಆಮೇಲೆ ಇನ್ನೊಂದು ಮನೆಯವಳು, ಆಮೇಲೆ ಮೂರನೆಯವಳು, ಎಲ್ಲರ ಕೈಯಲ್ಲೂ ಬಟ್ಟಲು. ನಿಮ್ಮ ವಿದ್ಯಾರ್ಥಿನಿಗೆ ಕೊಡಿ ಎಂದೆನಲ್ಲ, ಆ ಪಾತ್ರ ಇದೇ.

ಹೊಡೆತವನ್ನು ಪ್ರೇಕ್ಷಕರ ಎದುರಿಗೇ ತೋರಿಸಬೇಡಿ. ಜನರ ನಡುವೆ ಅಂಥದೇ ಮನೆಯಿಂದ ಬಂದ ತಾಯಂದಿರು, ಮಕ್ಕಳು ಕೂತಿರುತ್ತಾರೆ. ನಿಮ್ಮ ಹುಡುಗಿಗೆ ತಾಲೀಮಿನಲ್ಲಿ ಆದದ್ದೇ ಅವರಿಗೂ ಆಗುತ್ತದೆ. ಬಿಳಿ ಪರದೆಯ ಹಿಂದೆ ನೆರಳಿನಲ್ಲಿ ತೋರಿಸಿ. ತೊಗಲುಗೊಂಬೆ ನಮ್ಮ ನೆಲದ ಕಲೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ಬಳ್ಳಾರಿಯಲ್ಲಿ ಬೆಳಗಲ್ಲು ವೀರಣ್ಣನವರು ಅದನ್ನು ಹೊಸ ವಸ್ತುಗಳಿಗೂ ಒಗ್ಗಿಸಿದರು. ದೀಪಕ್ಕೆ ಹತ್ತಿರ ನಿಂತವನ ನೆರಳು ಪರದೆಯ ಮೇಲೆ ಎಷ್ಟು ದೊಡ್ಡದಾಗುತ್ತದೆ, ಮೂಲೆಯಲ್ಲಿ ಕೂತ ಹೆಣ್ಣಿನ ನೆರಳು ಎಷ್ಟು ಸಣ್ಣದಾಗುತ್ತದೆ ಎಂಬುದನ್ನು ಒಮ್ಮೆ ತಾಲೀಮಿನಲ್ಲಿ ಮಾಡಿ ನೋಡಿ. ತಾಟಿನ ಸದ್ದೂ ಬೇಕಾಗುವುದಿಲ್ಲ. ತಾಲೀಮು ಮುಗಿದ ಮೇಲೆ ತಂದೆಯ ಪಾತ್ರಧಾರಿ ಎಲ್ಲರ ಎದುರಿಗೆ ಅಂಗಿ ಬದಲಿಸಿ, ತನ್ನ ಸ್ವಂತ ಹೆಸರು ಹೇಳಿ, ಮಕ್ಕಳೊಡನೆ ಕೂತು ಚಹಾ ಕುಡಿಯಲಿ. ಪಾತ್ರವನ್ನು ಕಳಚಿಟ್ಟು ಮನೆಗೆ ಹೋಗುವುದು ಸಣ್ಣ ಮಕ್ಕಳಿಗೂ ಬೇಕು, ಅವನಿಗೂ ಬೇಕು.

ಪ್ರದರ್ಶನದ ರಾತ್ರಿ ನೆರವು ಹತ್ತಿರವೇ ಇರಬೇಕು. ಆಶಾ ಕಾರ್ಯಕರ್ತೆಗೂ ಅಂಗನವಾಡಿ ಕಾರ್ಯಕರ್ತೆಗೂ ಮೊದಲೇ ತಿಳಿಸಿ, ರಂಗದ ಪಕ್ಕದಲ್ಲಿ ದೀಪ, ನೀರು, ಎರಡು ಕುರ್ಚಿ ಇರುವ ಒಂದು ಕೋಣೆ ಇಟ್ಟುಕೊಳ್ಳಿ. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ಪೊಲೀಸ್ ತುರ್ತು ಕರೆ 112, ಮಾನಸಿಕ ನೆರವಿನ ಟೆಲಿಮನಸ್ 14416, ಚಟ ಬಿಡಿಸುವ ಸಹಾಯವಾಣಿ 14446. ಈ ಸಂಖ್ಯೆಗಳನ್ನು ಮುಖ್ಯ ದ್ವಾರದ ಬ್ಯಾನರ್‌ನಲ್ಲಿ ಹಾಕಿದರೆ ಸಾಲದು, ಗಂಡನ ಪಕ್ಕದಲ್ಲಿ ನಿಂತು ಯಾವ ಹೆಂಡತಿಯೂ ಅದನ್ನು ಬರೆದುಕೊಳ್ಳಲಾರಳು. ಹೆಂಗಸರ ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸಿ. ನಾಟಕ ಮುಗಿದ ಮೇಲೆ ಮೈಕು ಹಿಡಿದು, ನಿಮ್ಮಲ್ಲಿ ಯಾರಿಗೆ ಹೀಗಾಗಿದೆ ಕೈ ಎತ್ತಿ ಎಂದು ಯಾರೂ ಕೇಳದಂತೆ ನೋಡಿಕೊಳ್ಳಿ.

ಕೊನೆಗೆ ಆ ಮನೆಯ ಮಾತು. ತಂದೆಯೊಡನೆ ನೀವು ನೇರ ಮಾತಾಡಬೇಡಿ. ಮಗಳೇ ಹೇಳಿದ್ದಾಳೆ ಎಂದು ಅವನಿಗೆ ಕ್ಷಣದಲ್ಲಿ ಹೊಳೆಯುತ್ತದೆ. ಮೊದಲು ತಾಯಿ. ಶಾಲೆಯ ಯಾವುದೋ ಕೆಲಸದ ನೆಪದಲ್ಲಿ ಕರೆಸಿ, ಇಬ್ಬರೇ ಇರುವಾಗ ಶಿಕ್ಷಕಿಯೊಬ್ಬರು ಕೂತು ಕೇಳಲಿ. ದೂರು ಕೊಟ್ಟರೆ ಗಂಡ ಜೈಲಿಗೆ ಹೋಗುತ್ತಾನೆ, ಸಂಸಾರ ಮುರಿಯುತ್ತದೆ ಎಂಬ ಅಂಜಿಕೆಯಿಂದಲೇ ಬಹಳ ಹೆಣ್ಣುಮಕ್ಕಳು ಬಾಯಿ ಬಿಡುವುದಿಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆಯಡಿ ವಿಚ್ಛೇದನ ಕೇಳದೆಯೂ ಹೊಡೆಯದಂತೆ ತಡೆಯಾಜ್ಞೆ, ಅದೇ ಮನೆಯಲ್ಲಿ ವಾಸಿಸುವ ಹಕ್ಕು, ಜೀವನಾಂಶ ಪಡೆಯಬಹುದು. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಇದಕ್ಕೆ ಸಂರಕ್ಷಣಾಧಿಕಾರಿ. ಯಾವ ಹೆಜ್ಜೆ, ಯಾವಾಗ ಎಂಬುದನ್ನು ತಾಯಿಯೇ ನಿರ್ಧರಿಸಲಿ, ಅವನ ಸಿಟ್ಟಿನ ಅಳತೆ ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ತಂದೆಯ ಚಿಕಿತ್ಸೆಗೆ ಬೆಂಗಳೂರಿಗೆ ಹೋಗಬೇಕಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಿಮ್ಹಾನ್ಸ್ ಸಂಸ್ಥೆ 1980ರ ದಶಕದ ಮಧ್ಯದಲ್ಲಿ ಮೊದಲು ಪ್ರಯೋಗಿಸಿ ನೋಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. ಅದರ ಮಾದರಿಯಲ್ಲೇ 1996ರಲ್ಲಿ ದೇಶದ ಕಾರ್ಯಕ್ರಮ ಶುರುವಾಯಿತು. ಇಂದು ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ದಿನವನ್ನು ಆಶಾ ಕಾರ್ಯಕರ್ತೆ ತಿಳಿದು ಹೇಳಬಲ್ಲರು. ಕುಡಿತ ಬಿಡು ಎಂದರೆ ಬಾರದವನು ಕೈ ನಡುಕಕ್ಕೆ, ನಿದ್ದೆಗೆ, ಹೊಟ್ಟೆ ಉರಿಗೆ ತೋರಿಸಿಕೋ ಎಂದರೆ ಬರುತ್ತಾನೆ. ಹೀಗೇ ಬಂದವರು ನನ್ನ ರೋಗಿಗಳಲ್ಲಿ ಬಹಳ.

ಯಾರ ಮುಂದೂ ಹೇಳಬೇಡಿ ಎಂದು ಅವಳು ಕೇಳಿಕೊಂಡ ಮಾತನ್ನು ನೀವು ಪೂರ್ತಿ ಉಳಿಸಿಕೊಳ್ಳಲಾರಿರಿ, ಹಾಗೆಂದು ಅವಳಿಗೆ ತಿಳಿಸದೆ ಮುರಿಯಲೂಬಾರದು. ಮಗಳ ಮೈಮೇಲೆ ಗಾಯದ ಗುರುತು ಕಂಡರೆ 1098ಕ್ಕೆ ಕರೆ ಮಾಡುವುದು ನಿಮ್ಮ ಕರ್ತವ್ಯ. ಅವಳ ಮಾತಿನಲ್ಲಿ ಲೈಂಗಿಕ ಕಿರುಕುಳದ ಸುಳಿವಿದ್ದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವರದಿ ಮಾಡಲೇಬೇಕು. ಹಾಗಾಗಿ ನಾಳೆ ಶಾಲೆಯಲ್ಲಿ, ಶಿಕ್ಷಕಿಯೊಬ್ಬರನ್ನು ಜೊತೆಗೆ ಕೂರಿಸಿಕೊಂಡು, ಬಾಗಿಲು ತೆರೆದಿಟ್ಟು, ಅವಳಿಗೆ ಹೀಗೆ ಹೇಳಿ: “ನೀ ಹೇಳಿದ್ದು ಛಲೋ ಆತವಾ. ನಿನ್ನ ತಪ್ಪು ಏನೂ ಇಲ್ಲ. ಊರಾಗ ಯಾರಿಗೂ ನಾ ಹೇಳಂಗಿಲ್ಲ, ಆದರ ನಿನಗೂ ಅವ್ವಗೂ ಸಹಾಯ ಮಾಡೋರಿಗೆ ಒಬ್ಬರಿಗೆ ಹೇಳಬೇಕಾಗ್ತೈತಿ, ಹೇಳೋಕಿಂತ ಮೊದಲು ನಿನಗ ತಿಳಿಸ್ತೀನಿ.” ಆಮೇಲೆ ಗಲಾಟೆಯಾದ ರಾತ್ರಿ ಓಡಿ ಹೋಗಲು ಹತ್ತಿರದ ಯಾವ ಮನೆ ಇದೆ ಎಂದು ಕೇಳಿ. ಅವಳು ಒಂದು ಹೆಸರು ಹೇಳಿದರೆ, ಅದೇ ಸಂಜೆ ನಿಮ್ಮ ಶಿಕ್ಷಕಿ ಆ ಮನೆಗೆ ಹೋಗಿ ಬರಲಿ.